ವೈಫೈ ಗುರುತು ಪೂರ್ತಿ ಇದೆ, ಆದರೂ ಇಂಟರ್‌ನೆಟ್ ಯಾಕಿಲ್ಲ?

ಕರೆಂಟ್ ಬಿಲ್ ಕಟ್ಟಲು ಇವತ್ತೇ ಕೊನೆಯ ದಿನ. ಮೊಬೈಲ್ ಕೈಗೆತ್ತಿಕೊಂಡರೆ ವೈಫೈ ಗುರುತು ಪೂರ್ತಿ ತುಂಬಿದೆ, ಆದರೆ ಪುಟ ಮಾತ್ರ ತೆರೆಯುತ್ತಿಲ್ಲ. "ಮೊಬೈಲ್ ಹಳೇದಾಯ್ತು" ಎನ್ನುತ್ತಾರೆ ಮನೆಯಲ್ಲಿ ಒಬ್ಬರು. "ಮೋಡ ಕವಿದಿದೆಯಲ್ಲ, ಸ್ಯಾಟಲೈಟ್ ಸಿಗ್ತಿಲ್ಲ" ಎನ್ನುತ್ತಾರೆ ಇನ್ನೊಬ್ಬರು. ಕೊನೆಗೆ ಎಲ್ಲರೂ ಒಪ್ಪಿಕೊಳ್ಳುವ ಮಾತು ಒಂದೇ: "ನೆಟ್‌ವರ್ಕ್ ಇಲ್ಲ."

ಆದರೆ ಯಾವ ನೆಟ್‌ವರ್ಕ್ ಇಲ್ಲ? ನಮ್ಮ ಮೊಬೈಲಿನಿಂದ ಹೊರಟ ಒಂದು ಸಂದೇಶ ತಲುಪಬೇಕಾದ ಜಾಗಕ್ಕೆ ಹೋಗುವಷ್ಟರಲ್ಲಿ ಹಲವು ಜಾಲಗಳನ್ನು ದಾಟುತ್ತದೆ. ಮೊಬೈಲಿನ ಮೇಲ್ಗಡೆ ಕಾಣುವ ಗುರುತು ಅವುಗಳಲ್ಲಿ ಮೊದಲನೆಯದರ ಸುದ್ದಿಯನ್ನಷ್ಟೇ ಹೇಳುತ್ತದೆ. ಆಮೇಲಿನ ಕೊಂಡಿಗಳಲ್ಲಿ ಯಾವುದು ಕಡಿದರೂ ನಮಗೆ ಕಾಣುವುದು ಅದೇ ಸುತ್ತುವ ಚಕ್ರ. ಈ ಕೊಂಡಿಗಳನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಸಮಸ್ಯೆ ಎಲ್ಲಿದೆ ಎಂದು ನಾವೇ ಕಂಡುಹಿಡಿಯಬಹುದು. ಗ್ರೂಪುಗಳಲ್ಲಿ ಹರಿದಾಡುವ ಎಷ್ಟೋ ತಪ್ಪು ಮಾತುಗಳನ್ನೂ ಗುರುತಿಸಬಹುದು.

ನೆಟ್‌ವರ್ಕ್ ಅಂದರೆ ಏನು?

ಎರಡು ಅಥವಾ ಹೆಚ್ಚು ಸಾಧನಗಳು ಪರಸ್ಪರ ಮಾಹಿತಿ ಹಂಚಿಕೊಳ್ಳುವಂತೆ ಜೋಡಿಸಿದರೆ ಅದೇ ನೆಟ್‌ವರ್ಕ್, ಅಂದರೆ ಜಾಲ. ಅದಕ್ಕೆ ಮೂರು ಸಂಗತಿ ಬೇಕು: ಸಾಧನಗಳು, ಅವುಗಳ ನಡುವೆ ಒಂದು ದಾರಿ, ಮತ್ತು ಇಬ್ಬರಿಗೂ ಗೊತ್ತಿರುವ ಒಂದಷ್ಟು ನಿಯಮಗಳು. ದಾರಿ ತಾಮ್ರದ ತಂತಿಯಾಗಬಹುದು, ಗಾಜಿನ ಎಳೆಯಾಗಬಹುದು, ಕಣ್ಣಿಗೆ ಕಾಣದ ರೇಡಿಯೋ ಅಲೆಯಾಗಬಹುದು. ನಿಯಮಗಳಿಗೆ ಪ್ರೋಟೋಕಾಲ್ ಎಂದು ಹೆಸರು. ದಾರಿ ಇದ್ದೂ ನಿಯಮ ಹೊಂದದಿದ್ದರೆ, ಒಬ್ಬರ ಭಾಷೆ ಇನ್ನೊಬ್ಬರಿಗೆ ಗೊತ್ತಿಲ್ಲದ ಫೋನ್ ಕರೆಯಂತಾಗುತ್ತದೆ.

ಜಾಲಗಳನ್ನು ಅವು ಎಷ್ಟು ದೂರ ಹರಡಿವೆ ಎಂಬುದರ ಮೇಲೆ ವಿಂಗಡಿಸುವುದು ರೂಢಿ. ಹತ್ತಿರದಿಂದಲೇ ಶುರು ಮಾಡೋಣ.

ಮೈಗೆ ಹತ್ತಿರದ ಜಾಲ: ಪ್ಯಾನ್

ಕಿವಿಯಲ್ಲಿರುವ ಇಯರ್‌ಬಡ್, ಕೈಯಲ್ಲಿರುವ ಸ್ಮಾರ್ಟ್‌ವಾಚ್, ಜೇಬಿನಲ್ಲಿರುವ ಮೊಬೈಲ್: ಇವು ಮೂರೂ ಸೇರಿದರೆ ಒಂದು ಪುಟ್ಟ ಜಾಲ. ಇದು ಪರ್ಸನಲ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ ಪ್ಯಾನ್. (ತೆರಿಗೆಯ ಪ್ಯಾನ್ ಕಾರ್ಡಿಗೂ ಇದಕ್ಕೂ ಸಂಬಂಧವಿಲ್ಲ!) ಇಲ್ಲಿ ಸಾಮಾನ್ಯವಾಗಿ ಕೆಲಸ ಮಾಡುವುದು ಬ್ಲೂಟೂತ್. ನಾವು ಬಳಸುವ ಸಾಧನಗಳಲ್ಲಿ ಅದರ ವ್ಯಾಪ್ತಿ ಸುಮಾರು 10 ಮೀಟರ್.

ಬ್ಲೂಟೂತ್‌ಗೆ ಇಂಟರ್‌ನೆಟ್ ಬೇಡ. ಡೇಟಾ ಪ್ಯಾಕ್ ಮುಗಿದಿದ್ದರೂ ಮೊಬೈಲಿನಲ್ಲಿ ಉಳಿಸಿಕೊಂಡ ಹಾಡನ್ನು ಇಯರ್‌ಬಡ್‌ನಲ್ಲಿ ಕೇಳಬಹುದು. ಹಾಡು ನಿಂತು ನಿಂತು ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಅದು ಮೊಬೈಲಿನಲ್ಲೇ ಇರುವ ಹಾಡೋ, ಇಂಟರ್‌ನೆಟ್‌ನಿಂದ ಬರುತ್ತಿರುವ ಹಾಡೋ ಎಂದು. ಮೊಬೈಲಿನಲ್ಲೇ ಇರುವುದಾದರೆ ತೊಂದರೆ ಈ ಪುಟ್ಟ ಜಾಲದಲ್ಲೇ ಇದೆ. ಮೊಬೈಲ್ ಕಂಪನಿಯನ್ನು ಬೈದು ಪ್ರಯೋಜನವಿಲ್ಲ.

ಮನೆಯೊಳಗಿನ ಜಾಲ: ಲ್ಯಾನ್

ಒಂದು ಮನೆ, ಒಂದು ಕಚೇರಿ, ಒಂದು ಶಾಲೆಯ ಕಂಪ್ಯೂಟರ್ ಲ್ಯಾಬ್: ಇಷ್ಟು ಜಾಗದೊಳಗಿನ ಜಾಲಕ್ಕೆ ಲೋಕಲ್ ಏರಿಯಾ ನೆಟ್‌ವರ್ಕ್, ಅಂದರೆ ಲ್ಯಾನ್ ಎಂದು ಹೆಸರು. ನಮ್ಮ ಮನೆಯ ವೈಫೈ ಕೂಡ ತಂತಿಯಿಲ್ಲದ ಒಂದು ಲ್ಯಾನ್. ಗೋಡೆಯ ಮೇಲಿರುವ ರೂಟರ್ ಅದರ ಯಜಮಾನ. ಮೊಬೈಲ್, ಟಿವಿ, ಲ್ಯಾಪ್‌ಟಾಪ್, ಪ್ರಿಂಟರ್ ಎಲ್ಲವೂ ಅದರ ಜೊತೆ ಮಾತಾಡುತ್ತವೆ.

ನಮ್ಮ ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ವೈಫೈ ಬೇರೆ, ಇಂಟರ್‌ನೆಟ್ ಬೇರೆ. ವೈಫೈ ಗುರುತು ತೋರಿಸುವುದು ಮೊಬೈಲಿಗೂ ರೂಟರಿಗೂ ನಡುವಿನ ಸಿಗ್ನಲ್ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಮಾತ್ರ. ರೂಟರಿನ ಹಿಂದಿನಿಂದ ಬೀದಿಗೆ ಹೋಗುವ ಕೇಬಲ್ ಕಡಿದುಹೋಗಿದ್ದರೂ ಆ ಗುರುತು ಪೂರ್ತಿ ತುಂಬಿಯೇ ಇರುತ್ತದೆ. ಈಗಿನ ಎಷ್ಟೋ ಮೊಬೈಲ್‌ಗಳು ಅಂಥ ಹೊತ್ತಿನಲ್ಲಿ ವೈಫೈ ಗುರುತಿನ ಪಕ್ಕ ಒಂದು ಪುಟ್ಟ ಆಶ್ಚರ್ಯಸೂಚಕ ಚಿಹ್ನೆ ತೋರಿಸುತ್ತವೆ. ಅದನ್ನು ನಾವು ಗಮನಿಸುವುದಿಲ್ಲ, ಅಷ್ಟೇ. ಹೊರಗಿನ ಕೇಬಲ್ ಕಡಿದಾಗಲೂ ಮೊಬೈಲಿನಿಂದ ಮನೆಯದೇ ವೈಫೈ ಪ್ರಿಂಟರಿಗೆ ಒಂದು ಫೋಟೋ ಕಳಿಸಿ ಮುದ್ರಿಸಬಹುದು. ಆ ಫೋಟೋ ಮನೆ ಬಿಟ್ಟು ಹೊರಗೆ ಹೋಗಬೇಕಾಗಿಯೇ ಇಲ್ಲ.

ಇನ್ನೊಂದು ಫಾರ್ವರ್ಡ್ ಮಾತು: ವೈಫೈ ಎಂದರೆ "ವೈರ್‌ಲೆಸ್ ಫಿಡೆಲಿಟಿ"ಯ ಚಿಕ್ಕ ರೂಪವಂತೆ. ಪೂರ್ಣರೂಪಗಳ ಪಟ್ಟಿ ಬಂದಾಗಲೆಲ್ಲ ಇದು ಇದ್ದೇ ಇರುತ್ತದೆ. ಆದರೆ ವೈಫೈ ಎಂಬುದು 1999ರಲ್ಲಿ ಮಾರುಕಟ್ಟೆಗಾಗಿ ಹುಡುಕಿದ ಒಂದು ಹೆಸರು. ಸುಲಭವಾಗಿ ನೆನಪಿರಲಿ ಎಂದು ಇಟ್ಟದ್ದು, ಯಾವ ಪದಗಳ ಸಂಕ್ಷೇಪವೂ ಅಲ್ಲ.

ಸಾಧನಗಳನ್ನು ಜೋಡಿಸುವ ಬಗೆ

ಜಾಲದ ಸಾಧನಗಳನ್ನು ಒಂದಕ್ಕೊಂದು ಹೇಗೆ ಜೋಡಿಸುತ್ತಾರೆ ಎಂಬುದಕ್ಕೆ ಟೋಪಾಲಜಿ ಎಂಬ ದೊಡ್ಡ ಹೆಸರಿದೆ. ವಿಷಯ ಮಾತ್ರ ಸರಳ.

ಒಂದೇ ತಂತಿಗೆ ಎಲ್ಲರನ್ನೂ ಜೋಡಿಸುವುದು ಬಸ್ ವಿಧಾನ. ಒಂದೇ ಬೀದಿಯಲ್ಲಿ ಎಲ್ಲರ ಮನೆ ಇದ್ದಂತೆ. 1973ರಲ್ಲಿ ಅಮೆರಿಕದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್ಕಾಫ್ ರೂಪಿಸಿದ ಈಥರ್‌ನೆಟ್ ಮೊದಲು ಹೀಗೇ ಇತ್ತು. ಖರ್ಚು ಕಡಿಮೆ. ಆದರೆ ಇಬ್ಬರು ಒಟ್ಟಿಗೆ ಮಾತಾಡಿದರೆ ಸಂದೇಶಗಳು ಡಿಕ್ಕಿ ಹೊಡೆಯುತ್ತವೆ. ಮುಖ್ಯ ತಂತಿ ಎಲ್ಲಾದರೂ ತುಂಡಾದರೆ ಇಡೀ ಬೀದಿಯೇ ಬಂದ್.

ಸುತ್ತಲೂ ಕುಳಿತವರು ಕೈಯಿಂದ ಕೈಗೆ ವಸ್ತು ದಾಟಿಸುವಂತಿರುವುದು ರಿಂಗ್ ವಿಧಾನ. ಐಬಿಎಂ ಕಂಪನಿಯ ಟೋಕನ್ ರಿಂಗ್ ಜಾಲದಲ್ಲಿ ಟೋಕನ್ ಎಂಬ ಒಂದು ಗುರುತು ಸುತ್ತುತ್ತಿತ್ತು. ಅದು ಯಾರ ಬಳಿ ಬಂತೋ ಅವರಿಗೆ ಮಾತಾಡುವ ಸರದಿ.

ನಡುವೆ ಒಂದು ಸಾಧನ ಇಟ್ಟು ಎಲ್ಲರನ್ನೂ ಅದಕ್ಕೇ ಜೋಡಿಸುವುದು ಸ್ಟಾರ್ ವಿಧಾನ. ನಮ್ಮ ಮನೆಯ ವೈಫೈ ಹೀಗೇ ಇದೆ. ಒಬ್ಬರ ಮೊಬೈಲ್ ಕೆಟ್ಟರೆ ಉಳಿದವರಿಗೆ ತೊಂದರೆಯಿಲ್ಲ. ಆದರೆ ನಡುವಿನ ರೂಟರ್ ಕೆಟ್ಟರೆ ಎಲ್ಲರಿಗೂ ತೊಂದರೆ. ಮನೆಯಲ್ಲಿ ಒಬ್ಬರಿಗೆ ಮಾತ್ರ ಬರುತ್ತಿಲ್ಲವೋ ಎಲ್ಲರಿಗೂ ಬರುತ್ತಿಲ್ಲವೋ ಎಂದು ಮೊದಲು ಕೇಳಬೇಕಾದದ್ದು ಇದೇ ಕಾರಣಕ್ಕೆ. ಕಚೇರಿಗಳಲ್ಲಿ ನಡುವೆ ಇರುವುದು ಸ್ವಿಚ್ ಎಂಬ ಪೆಟ್ಟಿಗೆ. ಯಾವ ಸಂದೇಶ ಯಾರಿಗೆ ಎಂದು ನೋಡಿ ಅವರಿಗೆ ಮಾತ್ರ ತಲುಪಿಸುತ್ತದೆ. ಅಲ್ಲಿಂದ ಒಂದೊಂದು ಕಂಪ್ಯೂಟರಿಗೆ ಹೋಗುವ ಮಾಮೂಲಿ ತಾಮ್ರದ ಕೇಬಲ್‌ನ ಮಿತಿ 100 ಮೀಟರ್.

ಪ್ರತಿಯೊಂದಕ್ಕೂ ಹಲವು ದಾರಿ ಇರುವಂತೆ ಹೆಣೆಯುವುದು ಮೆಶ್ ವಿಧಾನ. ಮೀನು ಹಿಡಿಯುವ ಬಲೆ ನೆನಪಿಸಿಕೊಳ್ಳಿ. ಒಂದು ಎಳೆ ಕಡಿದರೂ ಬಲೆ ಬಲೆಯೇ. ಖರ್ಚು ಹೆಚ್ಚು, ಆದರೆ ಭರವಸೆಯೂ ಹೆಚ್ಚು. ದೊಡ್ಡ ಜಾಲಗಳ ಮುಖ್ಯ ಹಾದಿಗಳು ಬಹುತೇಕ ಹೀಗೇ ಇರುತ್ತವೆ. ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಊರಿನ ಜಾಲ, ದೇಶದ ಜಾಲ: ಮ್ಯಾನ್ ಮತ್ತು ವ್ಯಾನ್

ಒಂದು ನಗರದಷ್ಟು ಹರಡಿದ ಜಾಲ ಮೆಟ್ರೋಪಾಲಿಟನ್ ಏರಿಯಾ ನೆಟ್‌ವರ್ಕ್, ಅಂದರೆ ಮ್ಯಾನ್. ನಗರಗಳ, ರಾಜ್ಯಗಳ, ದೇಶಗಳ ಗಡಿ ದಾಟಿದ್ದು ವೈಡ್ ಏರಿಯಾ ನೆಟ್‌ವರ್ಕ್, ಅಂದರೆ ವ್ಯಾನ್. ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ. ಜಿಲ್ಲಾ ಮತ್ತು ತಾಲ್ಲೂಕು ಮಟ್ಟದ ಸರ್ಕಾರಿ ಕಚೇರಿಗಳನ್ನು ಬೆಂಗಳೂರಿನೊಂದಿಗೆ ಜೋಡಿಸುವ ಕೆಸ್ವಾನ್, ಅಂದರೆ ಕರ್ನಾಟಕ ಸ್ಟೇಟ್ ವೈಡ್ ಏರಿಯಾ ನೆಟ್‌ವರ್ಕ್. ಕಚೇರಿಯಲ್ಲಿ "ಸರ್ವರ್ ಡೌನ್" ಎಂಬ ಮಾತು ಕೇಳಿದಾಗ ನಿಜಕ್ಕೂ ಕೆಟ್ಟಿರುವುದು ಸರ್ವರ್ ಆಗಿರಬಹುದು, ಅದಕ್ಕೆ ಹೋಗುವ ಇಂಥ ಹಾದಿಯೂ ಆಗಿರಬಹುದು.

ವ್ಯಾನ್ ಇದ್ದ ಕಡೆಯೆಲ್ಲ ಇಂಟರ್‌ನೆಟ್ ಇರಲೇಬೇಕೆಂದಿಲ್ಲ. ಬ್ಯಾಂಕುಗಳು ತಮ್ಮ ಶಾಖೆಗಳಿಗೂ ಎಟಿಎಂಗಳಿಗೂ ಖಾಸಗಿ ಜಾಲ ಬಳಸುತ್ತವೆ. ಹೊರಗಿನವರು ಸುಲಭವಾಗಿ ಒಳಗೆ ಬರದಂತೆ ಕಾಯುವುದು ಅದರ ಉದ್ದೇಶ.

ಜಾಲಗಳ ಜಾಲವೇ ಇಂಟರ್‌ನೆಟ್

ಲೋಕದ ಇಂಥ ಲೆಕ್ಕವಿಲ್ಲದಷ್ಟು ಜಾಲಗಳು ಒಂದೇ ನಿಯಮಕ್ಕೆ ಒಪ್ಪಿ ಕೈಜೋಡಿಸಿದ್ದರಿಂದ ಆದದ್ದು ಇಂಟರ್‌ನೆಟ್. ಅದರ ಅಜ್ಜ ಎನ್ನಬಹುದಾದ ಆರ್ಪಾನೆಟ್‌ನಲ್ಲಿ ಮೊದಲ ಸಂದೇಶ ಹೋದದ್ದು 1969ರ ಅಕ್ಟೋಬರ್ 29ರಂದು, ಅಮೆರಿಕದ ಎರಡು ಸಂಶೋಧನಾ ಕೇಂದ್ರಗಳ ನಡುವೆ. 'ಲಾಗಿನ್' ಎಂದು ಟೈಪ್ ಮಾಡಹೊರಟಾಗ ಮೊದಲ ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಕಡೆಯ ವ್ಯವಸ್ಥೆ ಕೆಟ್ಟು ನಿಂತಿತಂತೆ. ಅಂದರೆ "ನೆಟ್‌ವರ್ಕ್ ಇಲ್ಲ" ಎಂಬ ಗೋಳು ನೆಟ್‌ವರ್ಕ್‌ನಷ್ಟೇ ಹಳೆಯದು. ಈಗಲೂ ಇಂಟರ್‌ನೆಟ್ ನಡೆಯುವ ಟಿಸಿಪಿ/ಐಪಿ ನಿಯಮಗಳಿಗೆ ಆರ್ಪಾನೆಟ್ 1983ರ ಜನವರಿ 1ರಂದು ಬದಲಾಯಿತು. ಭಾರತದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ.

ನಾವು ಕಳಿಸುವ ಫೋಟೋ ಇಲ್ಲಿ ಇಡಿಯಾಗಿ ಹೋಗುವುದಿಲ್ಲ. ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಪ್ರತಿ ತುಂಡಿನ ಮೇಲೂ ವಿಳಾಸ ಇರುತ್ತದೆ. ಹಾದಿಯಲ್ಲಿ ಸಿಗುವ ಒಂದೊಂದು ರೂಟರ್ ಕೂಡ ಅದನ್ನು ನೋಡಿ ಮುಂದಿನ ದಾರಿಗೆ ದಾಟಿಸುತ್ತದೆ. ಯಾವುದೋ ತುಂಡು ಕಳೆದುಹೋದರೆ ಅದನ್ನು ಮಾತ್ರ ಮತ್ತೆ ಕಳಿಸಲಾಗುತ್ತದೆ.

ಇಂಟರ್‌ನೆಟ್ ಬರುವುದು ಸ್ಯಾಟಲೈಟಿನಿಂದಲೇ?

ತುಂಬ ಜನ ನಂಬಿರುವ ಮಾತಿದು. ನಿಜ ಏನೆಂದರೆ, ಖಂಡದಿಂದ ಖಂಡಕ್ಕೆ ಹೋಗುವ ಮಾಹಿತಿಯಲ್ಲಿ 95%ಕ್ಕೂ ಹೆಚ್ಚು ಹೋಗುವುದು ಸಮುದ್ರದ ತಳದಲ್ಲಿ ಹಾಕಿರುವ ಆಪ್ಟಿಕಲ್ ಫೈಬರ್ ಕೇಬಲ್‌ಗಳಲ್ಲಿ. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಗಳಲ್ಲಿ ಬೆಳಕಿನ ರೂಪದಲ್ಲಿ ನಮ್ಮ ಮಾಹಿತಿ ಓಡುತ್ತದೆ. ಆಳ ಸಮುದ್ರದಲ್ಲಿ ಇಡೀ ಕೇಬಲ್‌ನ ದಪ್ಪ ತೋಟಕ್ಕೆ ನೀರು ಬಿಡುವ ಪೈಪಿನಷ್ಟೇ. ನಮ್ಮ ದೇಶಕ್ಕೆ ಇವು ಬಂದು ಸೇರುವ ಮುಖ್ಯ ಜಾಗಗಳು ಮುಂಬೈ ಮತ್ತು ಚೆನ್ನೈ.

ಸ್ಯಾಟಲೈಟ್ ಏಕಲ್ಲ? ಲೆಕ್ಕ ಹಾಕಿ ನೋಡೋಣ. ಭೂಮಿಯಿಂದ ನೋಡಿದರೆ ಒಂದೇ ಕಡೆ ನಿಂತಂತೆ ಕಾಣುವ ಸಂಪರ್ಕ ಉಪಗ್ರಹಗಳು ಇರುವುದು ಸುಮಾರು 36,000 ಕಿಮೀ ಎತ್ತರದಲ್ಲಿ. ಸಂದೇಶ ಮೇಲೆ ಹೋಗಿ ಕೆಳಗೆ ಬರಲು 72,000 ಕಿಮೀ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಮೀ ಹೋದರೂ ಅದಕ್ಕೆ 0.24 ಸೆಕೆಂಡು ಬೇಕು. ಉತ್ತರ ಬರಲು ಇನ್ನೊಂದು 0.24. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಮೀ. 12,000 ಕಿಮೀ ಉದ್ದದ ಕೇಬಲ್ ದಾಟಲು 0.06 ಸೆಕೆಂಡು ಸಾಕು. ಸಾಗಿಸಬಲ್ಲ ಮಾಹಿತಿಯ ಪ್ರಮಾಣದಲ್ಲೂ ಕೇಬಲ್‌ಗಳದ್ದೇ ಮೇಲುಗೈ.

ಹಾಗೆಂದು ಸ್ಯಾಟಲೈಟ್ ಬೇಡವೆಂದಲ್ಲ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಅಮೆರಿಕದೊಂದಿಗೆ ಮಾಹಿತಿ ಹಂಚಿಕೊಳ್ಳಲು ಉಪಗ್ರಹ ಸಂಪರ್ಕವನ್ನೇ ನೆಚ್ಚಿಕೊಂಡಿತ್ತು. ಕೇಬಲ್ ಎಳೆಯಲಾಗದ ಬೆಟ್ಟಗಾಡು, ದ್ವೀಪ, ಹಡಗುಗಳಿಗೆ ಇವತ್ತಿಗೂ ಅದೇ ಆಸರೆ. ಸ್ಟಾರ್‌ಲಿಂಕ್‌ನಂಥ ಹೊಸ ಉಪಗ್ರಹಗಳು ಸುಮಾರು 550 ಕಿಮೀ ಎತ್ತರದಲ್ಲೇ ಸುತ್ತುವುದರಿಂದ ವಿಳಂಬ ಬಹಳ ಕಡಿಮೆ. ಆದರೆ ನಮ್ಮಲ್ಲಿ ಬಹುಪಾಲು ಜನರ ಮೊಬೈಲ್ ಇಂಟರ್‌ನೆಟ್ ಸ್ಯಾಟಲೈಟಿನಿಂದ ಬರುತ್ತಿಲ್ಲ.

2008ರ ಜನವರಿ ಕೊನೆಯಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾ ಬಳಿ ಎರಡು ಸಮುದ್ರ ಕೇಬಲ್‌ಗಳಿಗೆ ಹಾನಿಯಾಯಿತು. ಅಷ್ಟು ದೂರದ ಕೇಬಲ್ ಕಡಿದರೆ ನಮ್ಮಲ್ಲಿ ಇಂಟರ್‌ನೆಟ್ ಕುಂಟಿತು. ಆದರೆ ಪೂರ್ತಿ ನಿಲ್ಲಲಿಲ್ಲ, ಏಕೆಂದರೆ ಮಾಹಿತಿಯನ್ನು ಪೂರ್ವದ ಕಡೆಯ ಕೇಬಲ್‌ಗಳ ಮೂಲಕ ತಿರುಗಿಸಲಾಯಿತು. ಬಲೆಯಂಥ ಜೋಡಣೆಯ ಲಾಭ ಇದೇ.

ಟವರ್ ಕಡ್ಡಿ ಐದಿದ್ದರೂ ಡೇಟಾ ಇಲ್ಲ!

ಮೊಬೈಲ್ ಡೇಟಾದಲ್ಲೂ ಇದೇ ಕಥೆ. ತಂತಿಯಿಲ್ಲದ ಹಾದಿ ಮೊಬೈಲಿನಿಂದ ಟವರಿನವರೆಗೆ ಮಾತ್ರ. ಅಲ್ಲಿಂದ ಮುಂದೆ ಫೈಬರ್ ಅಥವಾ ಇನ್ನೊಂದು ಟವರಿಗೆ ಹೋಗುವ ಮೈಕ್ರೋವೇವ್ ಸಂಪರ್ಕ. ಕಡ್ಡಿಗಳು ಹೇಳುವುದು ಟವರಿನ ಸಿಗ್ನಲ್ ಎಷ್ಟು ಗಟ್ಟಿ ಎಂದು. ಆ ಟವರನ್ನು ಎಷ್ಟು ಜನ ಹಂಚಿಕೊಳ್ಳುತ್ತಿದ್ದಾರೆ ಎಂದು ಅಲ್ಲ. ತೇರಿನ ದಿನ ಊರಿನ ಟವರಿನ ಕೆಳಗೇ ನಿಂತಿದ್ದರೂ ಒಂದು ಫೋಟೋ ಹೋಗುವುದಿಲ್ಲ. ಸಾವಿರಾರು ಜನ ಒಟ್ಟಿಗೆ ವಿಡಿಯೋ ಕಳಿಸುತ್ತಿರುತ್ತಾರೆ, ರಸ್ತೆ ಚೆನ್ನಾಗಿದ್ದರೂ ಗಾಡಿಗಳು ನಿಂತುಬಿಡುತ್ತವೆ. ಆಗ ಫೋಟೋ ಬದಲು ಒಂದು ಸಾಲಿನ ಸಂದೇಶ ಕಳಿಸಿ ನೋಡಿ. ಚಿಕ್ಕದಾದ್ದರಿಂದ ಅದು ಹೋಗುವ ಸಾಧ್ಯತೆ ಹೆಚ್ಚು.

ದುಡ್ಡು ಹೋಯಿತಾ, ಇಲ್ಲವಾ?

ಈ ಕೊಂಡಿಗಳ ವಿಷಯ ಜೇಬಿಗೆ ತಟ್ಟುವುದು ಯುಪಿಐ ಹೊತ್ತಿನಲ್ಲಿ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಪಿನ್ ಒತ್ತಿದ ಮೇಲೆ ನಮ್ಮ ಸೂಚನೆ ಟವರ್ ದಾಟಿ, ಇಂಟರ್‌ನೆಟ್ ದಾಟಿ, ಯುಪಿಐ ನಡೆಸುವ ಎನ್‌ಪಿಸಿಐ ಮೂಲಕ ನಮ್ಮ ಬ್ಯಾಂಕಿಗೂ ಅಂಗಡಿಯವರ ಬ್ಯಾಂಕಿಗೂ ತಲುಪಬೇಕು. ಉತ್ತರ ಮತ್ತೆ ನಮ್ಮ ಮೊಬೈಲಿಗೆ ಬರಬೇಕು. ಸೂಚನೆ ಹೋಗಿ, ಹಣ ಕಡಿತವಾಗಿ, ಉತ್ತರ ಬರುವ ಹಾದಿ ಮಾತ್ರ ಕಡಿದಿರಬಹುದು. ನಮಗೆ ಕಾಣುವುದು ಸುತ್ತುವ ಚಕ್ರ ಅಥವಾ "ಪೆಂಡಿಂಗ್" ಎಂಬ ಪದ.

ಆಗ ಗಡಿಬಿಡಿಯಲ್ಲಿ ಮತ್ತೊಮ್ಮೆ ಕಳಿಸಬೇಡಿ. ಎರಡು ಸಲ ಹೋಗಿಬಿಡಬಹುದು. ಮೊದಲು ಆ್ಯಪಿನಲ್ಲಿ ಹಿಂದಿನ ವಹಿವಾಟುಗಳ ಪಟ್ಟಿ ನೋಡಿ, ಬ್ಯಾಂಕಿನ ಎಸ್‌ಎಂಎಸ್ ನೋಡಿ. ಕಡಿತವಾಗಿ ಅವರಿಗೆ ತಲುಪದ ಹಣ ನಿಗದಿತ ದಿನಗಳೊಳಗೆ ತಾನಾಗಿ ವಾಪಸ್ ಬರಬೇಕೆಂಬ ನಿಯಮವಿದೆ. ಬಾರದಿದ್ದರೆ ಆ್ಯಪಿನಲ್ಲೇ ದೂರು ಕೊಡಬಹುದು.

ಅಂಗಡಿಯವರಿಗೂ ಒಂದು ಮಾತು. ಹಣ ಬಂದದ್ದನ್ನು ಕೂಗಿ ಹೇಳುವ ಸೌಂಡ್‌ಬಾಕ್ಸ್‌ಗೂ ತನ್ನದೇ ನೆಟ್‌ವರ್ಕ್ ಬೇಕು, ಎಷ್ಟೋ ಪೆಟ್ಟಿಗೆಗಳಲ್ಲಿ ಪ್ರತ್ಯೇಕ ಸಿಮ್ ಇರುತ್ತದೆ. ಅದು ಸುಮ್ಮನಿದ್ದರೆ ಗಿರಾಕಿ ಮೋಸ ಮಾಡಿದರೆಂದೇ ಅರ್ಥವಲ್ಲ. ಗಿರಾಕಿ ತೋರಿಸಿದ ಸ್ಕ್ರೀನ್‌ಶಾಟ್ ಕೂಡ ಪುರಾವೆಯಲ್ಲ, ಅದನ್ನು ನಕಲಿ ಮಾಡಬಹುದು. ನಿಮ್ಮದೇ ಆ್ಯಪ್ ಅಥವಾ ಖಾತೆ ನೋಡಿ ಖಚಿತ ಮಾಡಿಕೊಳ್ಳಿ.

ರೈಲ್ವೆ ಸ್ಟೇಷನ್ ವೈಫೈ ಬಳಸಿದರೆ ಖಾತೆ ಖಾಲಿಯೇ?

"ಸಾರ್ವಜನಿಕ ವೈಫೈಗೆ ಸೇರಿದ ಕೂಡಲೇ ಬ್ಯಾಂಕ್ ಖಾತೆ ಖಾಲಿ" ಎಂಬ ಸಂದೇಶಗಳು ಆಗಾಗ ಬರುತ್ತವೆ. ಇದರಲ್ಲಿ ಅರ್ಧ ಮಾತ್ರ ನಿಜ. ಸಾರ್ವಜನಿಕ ವೈಫೈ ಎಂದರೆ ಅಪರಿಚಿತರ ಜೊತೆ ಒಂದೇ ಲ್ಯಾನ್ ಹಂಚಿಕೊಂಡಂತೆ. ಆದರೆ ಬ್ಯಾಂಕ್ ಆ್ಯಪ್‌ಗಳು, ವಾಟ್ಸಾಪ್, ಈಗಿನ ಬಹುಪಾಲು ಜಾಲತಾಣಗಳು ಮಾಹಿತಿಯನ್ನು ಗೂಢಲಿಪಿಗೆ ಬದಲಾಯಿಸಿಯೇ ಕಳಿಸುತ್ತವೆ. ಪಕ್ಕದವರಿಗೆ ಅದು ಸಿಕ್ಕರೂ ಓದಲಾಗುವುದಿಲ್ಲ. ಸುಮ್ಮನೆ ಸೇರಿದ ಮಾತ್ರಕ್ಕೆ ಹಣ ಹೋಗುವುದಿಲ್ಲ.

ಅಪಾಯ ಇರುವುದು ಬೇರೆ ಕಡೆ. ಸ್ಟೇಷನ್ನಿನ ವೈಫೈ ಹೆಸರನ್ನೇ ಹೋಲುವ ನಕಲಿ ವೈಫೈಯನ್ನು ಯಾರಾದರೂ ಇಡಬಹುದು. ಅದು ತೆರೆಯುವ ಪುಟ ಓಟಿಪಿ, ಪಾಸ್‌ವರ್ಡ್, ಕಾರ್ಡ್ ಸಂಖ್ಯೆ ಕೇಳಬಹುದು ಅಥವಾ ಯಾವುದೋ ಆ್ಯಪ್ ಹಾಕಿಕೊಳ್ಳಿ ಎನ್ನಬಹುದು. ಅಧಿಕೃತ ವೈಫೈಗೆ ಮೊಬೈಲ್ ಸಂಖ್ಯೆ ಮತ್ತು ಲಾಗಿನ್ ಓಟಿಪಿ ಬೇಕಾಗಬಹುದು ನಿಜ. ಆದರೆ ಬ್ಯಾಂಕಿನ ಓಟಿಪಿಯನ್ನಾಗಲಿ ಕಾರ್ಡ್ ವಿವರವನ್ನಾಗಲಿ ಅಲ್ಲಿ ಹಾಕಬೇಡಿ. ಬ್ರೌಸರ್ "ಸುರಕ್ಷಿತವಲ್ಲ" ಎಂದು ಎಚ್ಚರಿಸಿದರೆ ಮುಂದೆ ಹೋಗಬೇಡಿ. ಹಣದ ವ್ಯವಹಾರಕ್ಕೆ ನಿಮ್ಮದೇ ಮೊಬೈಲ್ ಡೇಟಾ ವಾಸಿ. ಮೋಸ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಮನೆಯ ವೈಫೈ ಬಗ್ಗೆಯೂ ಅಷ್ಟೇ ಎಚ್ಚರ ಬೇಕು. ರೂಟರ್ ಜೊತೆ ಬಂದ ಪಾಸ್‌ವರ್ಡನ್ನೇ ಮುಂದುವರಿಸಬೇಡಿ. ಪಾಸ್‌ವರ್ಡ್ ಕೊಟ್ಟವರನ್ನೆಲ್ಲ ನಿಮ್ಮ ಲ್ಯಾನ್ ಒಳಗೆ ಕರೆದಂತಾಗುತ್ತದೆ. ಅತಿಥಿಗಳಿಗಾಗಿ ಬೇರೆ ವೈಫೈ ಮಾಡುವ ಸೌಲಭ್ಯ ಈಗ ಎಷ್ಟೋ ರೂಟರ್‌ಗಳಲ್ಲಿದೆ.

ಯಾವ ಕೊಂಡಿ ಕಡಿದಿದೆ?

ಮತ್ತೆ ಕರೆಂಟ್ ಬಿಲ್ಲಿಗೆ ಬರೋಣ. ಒಂದೊಂದಾಗಿ ನೋಡುತ್ತಾ ಹೋಗಿ.

1. ಒಂದೇ ಆ್ಯಪ್ ತೆರೆಯುತ್ತಿಲ್ಲ, ಉಳಿದವು ಸರಿಯಿವೆ: ತೊಂದರೆ ಆ ಆ್ಯಪಿನ ಅಥವಾ ಅದರ ಸರ್ವರಿನದು. ಸರ್ವರಿನದಾದರೆ ಕಾಯಬೇಕಾಗುತ್ತದೆ.
2. ನಿಮ್ಮ ಮೊಬೈಲಿನಲ್ಲಿ ಮಾತ್ರ ಬರುತ್ತಿಲ್ಲ: ವೈಫೈ ಆಫ್ ಮಾಡಿ ಆನ್ ಮಾಡಿ, ಅಥವಾ ಮೊಬೈಲನ್ನು ಒಮ್ಮೆ ರೀಸ್ಟಾರ್ಟ್ ಮಾಡಿ.
3. ಮನೆಯಲ್ಲಿ ಯಾರಿಗೂ ಬರುತ್ತಿಲ್ಲ: ರೂಟರನ್ನು ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ.
4. ಫೈಬರ್ ಪೆಟ್ಟಿಗೆಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತಿದೆ: ಹೊರಗಿನ ಕೇಬಲ್‌ನಿಂದ ಬೆಳಕು ಬರುತ್ತಿಲ್ಲ. ಎಷ್ಟು ಸಲ ಆಫ್-ಆನ್ ಮಾಡಿದರೂ ಪ್ರಯೋಜನವಿಲ್ಲ, ಕಂಪನಿಗೆ ದೂರು ಕೊಡಿ.
5. ಅಷ್ಟರವರೆಗೆ ವೈಫೈ ಬಿಟ್ಟು ಮೊಬೈಲ್ ಡೇಟಾಕ್ಕೆ ಬದಲಾಯಿಸಿ. ಅದು ಬೇರೆಯೇ ಹಾದಿ. ಬಿಲ್ ಇವತ್ತೇ ಕಟ್ಟಬಹುದು.

ಮುಂದಿನ ಸಲ ಗ್ರೂಪಿನಲ್ಲಿ ಯಾರಾದರೂ "ಸ್ಯಾಟಲೈಟ್ ಕೆಟ್ಟಿದೆ, ಮೂರು ದಿನ ಇಂಟರ್‌ನೆಟ್ ಬಂದ್, ಎಲ್ಲರಿಗೂ ಕಳಿಸಿ" ಎಂದು ಸಂದೇಶ ಹಾಕಿದರೆ, ಅದು ನಮ್ಮವರೆಗೆ ತಲುಪಿದ್ದೂ ಇಂಟರ್‌ನೆಟ್‌ನಲ್ಲೇ ಎಂಬುದನ್ನು ನೆನಪಿಸಿಕೊಳ್ಳೋಣ. ಅದನ್ನು ಮುಂದೆ ಕಳಿಸುವ ಬದಲು ಮೇಲಿನ ಐದು ಸಾಲುಗಳನ್ನು ಕಳಿಸೋಣ.